ಲೈಟ್ ಹೋತೇನು, ತಮ್ಮಾ?

ಇದು ನನ್ನ ಚಿಕ್ಕಪ್ಪನ ಮಗ ಚನ್ನವೀರನಿಗೆ ಆದದ್ದು. ಹೋದ ಕಾರ್ತಿಕದಲ್ಲಿ, ಇಲ್ಲೇ ಪುಣೆಯಲ್ಲಿ, ಖಡಕಿಯ ಹಳೆಯ ಬಜಾರಿನ ಹಿಂದೆ. ಕಾಡಿನಲ್ಲಿ ಅಲ್ಲ, ಸ್ಮಶಾನದಲ್ಲಿ ಅಲ್ಲ... ನಾಲ್ಕಡಿ ಅಗಲ, ಐದಡಿ ಉದ್ದದ ಒಂದು ಬಚ್ಚಲಲ್ಲಿ.

ಚನ್ನವೀರ ವೈರಿಂಗ್ ಕೆಲಸದವನು. ಬೈಲಹೊಂಗಲ ಕಡೆಯಿಂದ ಬಂದು ಹದಿನೈದು ವರ್ಷವಾಯಿತು. ಆ ದಿನ ಹಿಂಜವಾಡಿಯಲ್ಲಿ ಕೆಲಸ ಮುಗಿಸಿ, ಅಲ್ಲಿನ ಗಾಡಿಗಳ ಗದ್ದಲದಲ್ಲಿ ಸಿಕ್ಕಿ, ಖಡಕಿಯ ಬಾವಿಯ ಹತ್ತಿರ ನಡೆದು ಬರುವಾಗ ರಾತ್ರಿ ಹನ್ನೊಂದು ದಾಟಿತ್ತು. ಆ ಬಾವಿಯಲ್ಲಿ ಈಗ ಯಾರೂ ನೀರು ಸೇದುವುದಿಲ್ಲ. ಮೇಲೆ ಕಬ್ಬಿಣದ ಜಾಳಿಗೆ ಹಾಕಿದ್ದಾರೆ. ಅದರ ಕಟ್ಟೆಯ ಮೇಲೆ ಯಾರೋ ಕೂತಿದ್ದರು.

"ಯಾರವರು?"

"ನಾನರಿ... ಚನ್ನವೀರ."

ಕೂತಿದ್ದವರು ಗೂಳಪ್ಪ. ಮದ್ದುಗುಂಡಿನ ಕಾರ್ಖಾನೆಯಿಂದ ನಿವೃತ್ತರಾದವರು, ನಿದ್ದೆ ಬಾರದ ಮನುಷ್ಯ. ಎಲ್ಲಿಗೆ ಎಂದು ಕೇಳಿದರು. ನಾಗವ್ವನ ಮನೆಯಲ್ಲಿ ಸ್ವಲ್ಪ ಕೆಲಸ ಇದೆ ಎಂದು ಇವನು ಪಿಸುಗುಟ್ಟಿದ.

"ಹಗಲೊತ್ತಿನ್ಯಾಗ ಹತ್ತು ಸರತಿ ಕರದ್ರೂ ಬರೂದಿಲ್ಲ ನೀವು. ರಾತ್ರಿ ಕರೀಲಾರದ ಬರ್ತೀರಿ," ಎಂದರು ಗೂಳಪ್ಪ, ಸಣ್ಣ ದನಿಯಲ್ಲಿ.

ಚನ್ನವೀರ ನಗಲಿಲ್ಲ. ಯಾಕೆಂದರೆ ಅದು ನಿಜವಾಗಿತ್ತು. ಅವನನ್ನು ಯಾರೂ ಆ ರಾತ್ರಿ ಕರೆದಿರಲಿಲ್ಲ.

ಇಲ್ಲಿ ನಾಗವ್ವ ಯಾರು, ಚನ್ನವೀರ ಅಲ್ಲಿ ಏನು ಮಾಡಿದ್ದ ಎಂಬುದನ್ನು ಹೇಳಲೇಬೇಕು. ಹೇಳದಿದ್ದರೆ ಮುಂದಿನದು ಬರೀ ಹೆದರಿಸುವ ಮಾತಾಗುತ್ತದೆ.

ನಾಗವ್ವ ಸವದತ್ತಿ ಕಡೆಯವಳು. ಅರವತ್ತೆಂಟು ವರ್ಷ. ಒಬ್ಬಳೇ ಇದ್ದು, ಹದಿನಾರು ಜನರಿಗೆ ರೊಟ್ಟಿಯ ಡಬ್ಬಿ ಕಟ್ಟುತ್ತಿದ್ದಳು. ಮಗ ರೋಹಿತ ಊರಿನ ಇನ್ನೊಂದು ತುದಿಯ ಖರಾಡಿಯಲ್ಲಿ ಬೇರೆ ಇದ್ದ. ಬೆಳಗಿನ ನಾಲ್ಕಕ್ಕೆ ಎದ್ದು, ಗೀಸರ್ ಹಾಕಿ, ಮೈಮೇಲೆ ನೀರು ಹಾಕಿಕೊಂಡು ಒಲೆಯ ಮುಂದೆ ಕೂಡುವವಳು. ಸಂಕ್ರಾಂತಿ ಕಳೆದ ಮೇಲೆ ಗೀಸರ್ ಹಾಕಿದಾಗೆಲ್ಲ ಮನೆಯ ಕರೆಂಟು ಹೋಗತೊಡಗಿತು. ಟಪ್... ಕತ್ತಲೆ.

ಬೀಳುತ್ತಿದ್ದದ್ದು ಆರ್‌ಸಿಸಿಬಿ. ಮನೆಯ ಸ್ವಿಚ್ಚಿನ ಪೆಟ್ಟಿಗೆಯಲ್ಲಿ ಕೂತಿರುವ ಬಿಳಿಯ ಸಾಧನ ಅದು. ಒಳಗೆ ಹೋದ ಕರೆಂಟು ಅಷ್ಟಕ್ಕಷ್ಟೇ ತಿರುಗಿ ಬಂತೋ ಇಲ್ಲವೋ ಎಂದು ಸದಾ ತೂಗಿ ನೋಡುತ್ತಿರುತ್ತದೆ. ಕಡಿಮೆ ಬಂದರೆ ಎಲ್ಲೋ ಸೋರುತ್ತಿದೆ ಎಂದು ಅರ್ಥ. ಯಾರದೋ ಮೈಯೊಳಗಿಂದ ನೆಲಕ್ಕೆ ಇಳಿಯುತ್ತಿರಲೂಬಹುದು. ಕೂಡಲೇ, ಕಣ್ಣು ಮಿಟುಕಿಸುವುದರೊಳಗೆ, ಅದರ ಹಿಡಿಕೆ ಬಿದ್ದು ಕರೆಂಟು ಕಡಿಯುತ್ತದೆ. ಪಕ್ಕದಲ್ಲೇ ಇರುವ ಎಂಸಿಬಿ ಎಂಬ ಸ್ವಿಚ್ಚು ತಂತಿ ಸುಡದಂತೆ ಕಾಯುತ್ತದೆ. ಈ ಆರ್‌ಸಿಸಿಬಿ ಮನುಷ್ಯನನ್ನು ಕಾಯುತ್ತದೆ.

ಅದು ಪದೇ ಪದೇ ಬಿದ್ದರೆ ಸೋರುವ ಜಾಗ ಹುಡುಕಬೇಕು. ಗೀಸರ್ ಬಿಚ್ಚಬೇಕು, ಅರ್ಧ ದಿನ ಹಿಡಿಯುತ್ತದೆ. ಚನ್ನವೀರನಿಗೆ ಅಂದು ಬೇರೆ ಮೂರು ಕಡೆ ಕೆಲಸವಿತ್ತು. ಮುದುಕಿಗೆ ಮರುದಿನ ನಾಲ್ಕಕ್ಕೆ ನೀರು ಬೇಕಿತ್ತು. ಅವನು ವೈರಿಂಗಿನವರು ಗುಟ್ಟಾಗಿ ಮಾಡುವ ಕೆಲಸ ಮಾಡಿದ. 'ಡೈರೆಕ್ಟ್' ಮಾಡಿದ. ಅಂದರೆ ಮನೆಗೆ ಹೋಗುವ ತಂತಿಗಳನ್ನು ಆ ಸಾಧನದಿಂದ ಬಿಚ್ಚಿ, ಮೀಟರಿನಿಂದ ನೇರ ಬರುವ ತಂತಿಗೆ ಜೋಡಿಸಿದ. ಆರ್‌ಸಿಸಿಬಿ ಪೆಟ್ಟಿಗೆಯಲ್ಲೇ ಇತ್ತು, ಹಿಡಿಕೆ ಮೇಲೇ ಇತ್ತು. ಅದು ಬಿದ್ದರೂ ಮನೆಯ ದೀಪ ಆರುವಂತಿರಲಿಲ್ಲ. ಬಾಗಿಲಲ್ಲಿ ಕುರುಡ ಕಾವಲುಗಾರನನ್ನು ಕೂಡಿಸಿದ ಹಾಗೆ.

ಇನ್ನೊಂದು ಮಾತು. ಕೆಲಸ ಮುಗಿಸಿದ ಮೇಲೆ ಚನ್ನವೀರನ ಪದ್ಧತಿ ಒಂದಿದೆ. ಆ ಸಾಧನದ ಮೇಲೆ 'ಟಿ' ಎಂದು ಬರೆದ ಸಣ್ಣ ಗುಂಡಿ ಇರುತ್ತದೆ, ಪರೀಕ್ಷೆಗೆಂದೇ. ಅದನ್ನು ಒತ್ತಿ, ಒಳಗಿದ್ದ ಮನೆಯವರಿಗೆ ಕೂಗಿ ಕೇಳುತ್ತಾನೆ: "ಲೈಟ್ ಹೋತೇನ್ರಿ?" ಒಳಗಿನವರು "ಹೋತು" ಎನ್ನಬೇಕು. ಆಗಲೇ ಕೆಲಸ ಸರಿ ಎಂದು ಅರ್ಥ.

ಅಂದು ಅವನು ಒತ್ತಲಿಲ್ಲ. ಕೇಳಲೂ ಇಲ್ಲ. ನಾಗವ್ವ ಬಿಸಿ ರೊಟ್ಟಿ ಕಟ್ಟಿಕೊಟ್ಟಳು. ತಿನ್ನುತ್ತಾ ಹೋದ.

ವೈಶಾಖದಲ್ಲಿ ಒಂದು ಬೆಳಗ್ಗೆ ನಾಗವ್ವ ಬಚ್ಚಲಲ್ಲೇ ಸತ್ತುಬಿದ್ದಿದ್ದಳು. ವಯಸ್ಸಾಗಿತ್ತು, ಬಿಪಿ ಇತ್ತು, ಎದೆ ನಿಂತಿತು ಎಂದರು. ಚನ್ನವೀರ ಹೆಣಕ್ಕೆ ಹೆಗಲು ಕೊಟ್ಟ. ಡೈರೆಕ್ಟ್ ಮಾಡಿದ ಮಾತು ಎತ್ತಲಿಲ್ಲ.

ಮನೆಗೆ ಬೀಗ ಬಿತ್ತು. ಮರುದಿನ ಅಲ್ಲಿಗೆ ಬಾಡಿಗೆಗೆ ನೀತಾ ಎಂಬಾಕೆ ಬರುವವಳಿದ್ದಳು, ಗಂಡ ಮತ್ತು ನಾಲ್ಕು ವರ್ಷದ ಮಗಳ ಜೊತೆ. ಫ್ಯಾನು, ಬಲ್ಬು ನೋಡಿ ಇಡು ಎಂದು ರೋಹಿತ ಹಿಂದಿನ ವಾರವೇ ಬೀಗದ ಕೈ ಕೊಟ್ಟಿದ್ದ. ಬರುವವರು ತಮ್ಮದೇ ವೈರಿಂಗಿನವನನ್ನು ಕರೆಸಿ ಪೆಟ್ಟಿಗೆ ಬಿಚ್ಚಿಸಿದರೆ? ಅವನು ನೋಡಿದ ಕೂಡಲೇ ಹೇಳುತ್ತಾನೆ. ಅದಕ್ಕೆ ಚನ್ನವೀರ ಆ ರಾತ್ರಿ ಹೊರಟಿದ್ದು. ಇಪ್ಪತ್ತು ನಿಮಿಷದ ಕೆಲಸ. ತಂತಿಗಳನ್ನು ಮೊದಲಿನಂತೆ ಜೋಡಿಸಿ ಬಂದರೆ ಯಾರಿಗೂ ಎಂದೂ ಗೊತ್ತಾಗುವುದಿಲ್ಲ.

ಹಿಂದಿನ ಓಣಿಯಿಂದ ಹೋಗಿ ಹಿಂಬಾಗಿಲ ಬೀಗ ತೆಗೆದ. ರಬ್ಬರ್ ಚಪ್ಪಲಿ ಹೊಸ್ತಿಲ ಹೊರಗೆ ಬಿಟ್ಟ. ನಾಗವ್ವ ಚಪ್ಪಲಿ ಒಳಗೆ ತರಗೊಡುತ್ತಿರಲಿಲ್ಲ. ಸತ್ತವಳ ಮನೆಯಲ್ಲೂ ಕಾಲು ತಾನಾಗಿ ಚಪ್ಪಲಿ ಬಿಟ್ಟಿತು. ಸ್ವಿಚ್ ಒತ್ತಿದ, ದೀಪ ಹತ್ತಿತು. ಮೊಬೈಲು, ಚೀಲ ಎರಡನ್ನೂ ಪೆಟ್ಟಿಗೆಯ ಕೆಳಗೆ ಇಟ್ಟ. ಮೊದಲು ಗೀಸರ್ ಎಲ್ಲಿ ಸೋರುತ್ತದೆ ನೋಡೋಣ ಎಂದು ಗೀಸರಿನ ಸ್ವಿಚ್ ಹಾಕಿ, ಕರೆಂಟು ತೋರಿಸುವ ಟೆಸ್ಟರ್ ಹಿಡಿದು ಬಚ್ಚಲಿಗೆ ಹೋದ. ಹೊರಗಿದ್ದ ರಬ್ಬರ್ ಚಪ್ಪಲಿ ಮೆಟ್ಟಿ ಹೋಗಬೇಕಿತ್ತು. ಎರಡು ನಿಮಿಷ ತಾನೇ ಎಂದುಕೊಂಡ.

ಆರು ತಿಂಗಳು ಮುಚ್ಚಿದ್ದ ಬಚ್ಚಲು... ನೆಲ ಒದ್ದೆ ಇತ್ತು.

ಕಿರ್‌ರ್... ಹಿಂದೆ ತಗಡಿನ ಬಾಗಿಲು ಸರಿಯಿತು. ಚಟಕ್. ಹೊರಗಿನ ಚಿಲಕ ಬಿತ್ತು.

"ಯಾರದು?"

ಅವನು ಬಾಗಿಲಿಗೆ ಕೈ ಹಚ್ಚಿದ. ಮೊಣಕೈತನಕ ಯಾರೋ ಬಡಿಗೆಯಿಂದ ಹೊಡೆದಂತಾಗಿ ಗೋಡೆಗೆ ಬಿದ್ದ. ಎರಡು ಬೆರಳು ಸುಟ್ಟವು. ಅಂಗಾಲಿನಲ್ಲಿ ಇರುವೆ ಹರಿದ ಹಾಗೆ ಆಗುತ್ತಿತ್ತು. ಮೂಲೆಯಲ್ಲಿದ್ದ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಹತ್ತಿ ನಿಂತ. ಟೆಸ್ಟರಿನ ತುದಿಯನ್ನು ಬಾಗಿಲಿಗೆ ಮುಟ್ಟಿಸಿದ. ಕೆಂಪಗೆ ಹತ್ತಿತು. ನಳಕ್ಕೆ ಮುಟ್ಟಿಸಿದ. ಹತ್ತಿತು. ಗೀಸರಿನ ಕರೆಂಟು ಕೊಳವೆಗೆ ಇಳಿದಿದೆ, ಕೊಳವೆಯನ್ನು ಬಾಗಿಲ ಚೌಕಟ್ಟಿಗೆ ಕಬ್ಬಿಣದ ಪಟ್ಟಿಯಿಂದ ಬಿಗಿದಿದ್ದಾರೆ, ಚೌಕಟ್ಟಿನಿಂದ ಬಾಗಿಲಿಗೆ ಬಂದಿದೆ. ಅವನಿಗೆ ಒಂದೇ ಗಳಿಗೆಯಲ್ಲಿ ಎಲ್ಲ ಹೊಳೆಯಿತು. ಇಂಥ ಹೊತ್ತಿಗೇ ಆ ಸಾಧನ ಬೀಳಬೇಕಿತ್ತು. ಬೀಳದಂತೆ ಮಾಡಿದವನೇ ಒಳಗಿದ್ದ.

ಕೂಗಲು ಬಾಯಿ ತೆರೆದ. ಮುಚ್ಚಿದ. ಕೂಗಿದರೆ ಯಾರು ಬರುತ್ತಾರೆ? ಗೂಳಪ್ಪ ಬರಬಹುದು. ಬಂದವರು ಮೊದಲು ಮಾಡುವುದೇನು? ಹೊರಗಿನ ಚಿಲಕಕ್ಕೆ ಕೈ ಹಾಕುತ್ತಾರೆ. ಅದೂ ಕಬ್ಬಿಣದ್ದೇ.

ಅವನು ಪ್ಲಾಸ್ಟಿಕ್ ತಂಬಿಗೆಯಿಂದ ಬಾಗಿಲನ್ನು ನೂಕಿ ನೋಡಿದ. ಅಲುಗಲಿಲ್ಲ.

ಎಷ್ಟು ಹೊತ್ತಾಯಿತೋ. ನಳದಿಂದ ನೀರು ತಟ್... ತಟ್... ಎನ್ನುತ್ತಿತ್ತು. ಆಮೇಲೆ ಪಡಸಾಲೆಯಲ್ಲಿ ಬರಿಗಾಲಿನ ಸಪ್ಪಳ. ಪೆಟ್ಟಿಗೆಯ ಮುಚ್ಚಳ ತೆಗೆದ ಸದ್ದು. ಆಮೇಲೆ...

ಟಪ್.

ಆ ಸದ್ದು ಅವನಿಗೆ ಗೊತ್ತು. ಹದಿನೈದು ವರ್ಷದಿಂದ ಗೊತ್ತು. ಯಾರೋ ಗುಂಡಿ ಒತ್ತಿದ್ದರು. ಹಿಡಿಕೆ ಬಿದ್ದಿತ್ತು.

ಬಾಗಿಲ ಆಚೆಯಿಂದ ಸಣ್ಣ ದನಿ ಬಂತು. ಜೋಳದ ಹಿಟ್ಟು ನಾದುವಾಗ ಏದುಸಿರಿನ ನಡುವೆ ಮಾತಾಡುತ್ತಾರಲ್ಲ, ಹಾಗೆ.

"ಲೈಟ್ ಹೋತೇನು, ತಮ್ಮಾ?"

ಚನ್ನವೀರ ಮೇಲೆ ನೋಡಿದ. ಬಲ್ಬು ಉರಿಯುತ್ತಿತ್ತು.

ಕಟಕ್. ಹಿಡಿಕೆಯನ್ನು ಮೇಲೆತ್ತಿದ ಸದ್ದು. ಮತ್ತೆ ಟಪ್.

"ಹೋತೇನು?"

"ಇಲ್ಲ... ಇಲ್ಲರಿ," ಎಂದ.

ಕಟಕ್... ಟಪ್. ಹೋತೇನು? ಇಲ್ಲ. ಕಟಕ್... ಟಪ್. ಆಕೆ ಬೈಯಲಿಲ್ಲ. ಅವಸರ ಮಾಡಲಿಲ್ಲ. ಹದಿನಾರು ಡಬ್ಬಿಗೆ ಒಂದೊಂದೇ ರೊಟ್ಟಿ ಬಡಿಯುವ ತಾಳ್ಮೆಯಿಂದ ಒತ್ತುತ್ತಲೇ ಇದ್ದಳು. ಇವನ ಕಾಲು ಮರಗಟ್ಟಿತು. ಸ್ಟೂಲು ಒಂದು ಬದಿಗೆ ಬಾಗತೊಡಗಿತು. ನಡುವೆ ಒಮ್ಮೆ, ಸಾಕಾಗಿ, ಸುಳ್ಳು ಹೇಳಿದ.

"ಹೋತರಿ ಆಯಿ. ಹೋತು."

ಹೊರಗೆ ಎಲ್ಲ ನಿಶ್ಶಬ್ದ. ನಳದ ನೀರೂ ನಿಂತಿತು. ಬಲ್ಬು ಅವನ ತಲೆಯ ಮೇಲೆ ಉರಿಯುತ್ತಲೇ ಇತ್ತು... ಆಮೇಲೆ ಬಾಗಿಲಿಗೆ ಬಾಯಿ ಹಚ್ಚಿ ಮಾತಾಡಿದಷ್ಟು ಹತ್ತಿರದಿಂದ:

"ಸರಿ ನೋಡಿ ಹೇಳು, ತಮ್ಮಾ."

ಕಟಕ್. ಟಪ್.

ಆಮೇಲೆ ಅವನು ಸುಳ್ಳು ಹೇಳಲಿಲ್ಲ.

ಬೆಳಗಿನ ಐದರ ಸುಮಾರಿಗೆ ಮುಂಬಾಗಿಲ ಬೀಗ ತೆಗೆದ ಸದ್ದಾಯಿತು. ಹೆಂಗಸಿನ ಬಳೆ, ಪಾತ್ರೆಯ ಸದ್ದು. ಹೊಸ ಮನೆಗೆ ಬೆಳಕು ಹರಿಯುವ ಮುಂಚೆ ಬಂದು ಹಾಲು ಉಕ್ಕಿಸುವ ರೂಢಿ ಇದೆಯಲ್ಲ, ನೀತಾ ಅದಕ್ಕೇ ಬಂದಿದ್ದಳು. ಜೊತೆಗೆ ಮಗಳು ಭವ್ಯಶ್ರೀ. ಒಂದಕ್ಕೆ ಬಂತು ಎಂದು ಮಗು ರಾಗ ಎಳೆಯುತ್ತಿತ್ತು. ಒಳಗೆ ಬಚ್ಚಲು ಇರಬೇಕು, ಹೋಗು ಎಂದಳು ತಾಯಿ.

ಪುಟ್ಟ ಕಾಲುಗಳು ಪಟಪಟ ಓಡಿ ಬಂದವು. ಬಚ್ಚಲ ಕಡೆಗೇ.

"ಮುಟ್ಟಬ್ಯಾಡ!"

ಗಂಟಲು ಹರಿಯುವಂತೆ ಕೂಗಿದ. ಕಾಲುಗಳು ನಿಂತವು. ಮಗು ಅಳತೊಡಗಿತು.

"ಕೋಣ ಆಹೇ?" ಎಂದು ನೀತಾ ಮರಾಠಿಯಲ್ಲಿ ಕೇಳಿದಳು. ಆಮೇಲೆ ಕನ್ನಡದಲ್ಲಿ: "ಯಾರದು ಒಳಗ?"

"ಕೂಸನ್ನ ಹಿಡ್ಕೋರಿ ಅಕ್ಕಾರ. ಬಾಗಿಲಿಗೆ ಕರೆಂಟ್ ಬಂದದ."

"ಯಾರು ನೀವು? ಬಾಗಿಲಿಗೆ ಕರೆಂಟ್ ಹ್ಯಾಂಗ ಬರ್ತದ?"

ಅವನು ಏನಾದರೂ ಹೇಳಬಹುದಿತ್ತು. ಹಳೆಯ ಮನೆ ಎನ್ನಬಹುದಿತ್ತು. ಗೀಸರ್ ಕೆಟ್ಟಿದೆ ಎನ್ನಬಹುದಿತ್ತು, ಅದು ಸುಳ್ಳೂ ಅಲ್ಲ. ಆದರೆ ಬಾಗಿಲ ಆಚೆ ನಾಲ್ಕು ವರ್ಷದ ಕೂಸು ನಿಂತಿತ್ತು.

"ನಾ ವೈರಿಂಗಿನ ಚನ್ನವೀರ. ಕರೆಂಟ್ ಕಡಿಯೋ ಸಾಧನಾ ನಾನಽ ಡೈರೆಕ್ಟ್ ಮಾಡೇನಿ. ನಾಗವ್ವ ಆಯಿಗೆ ಹೇಳಲಿಲ್ಲ. ಅವರು ಇಲ್ಲೇ ಸತ್ತರು. ಎದಿ ನಿಂತಲ್ಲ... ನಾ ಮಾಡಿದ್ದರಿಂದ ಸತ್ತರು."

ಟಪ್.

ಬಲ್ಬು ಆರಿತು.

ಕತ್ತಲೆಯಲ್ಲಿ ಅವನು ಸ್ವಲ್ಪ ಹೊತ್ತು ಕಾದ. ಪ್ರಶ್ನೆ ಬರಲಿಲ್ಲ. ಆದರೂ ಉತ್ತರ ಹೇಳಿದ: "ಹೋತರಿ." ಟೆಸ್ಟರ್ ಮುಟ್ಟಿಸಿದ. ಹತ್ತಲಿಲ್ಲ. ಕರೆಂಟಿದ್ದರೆ ಕೈ ಅಂಟಬಾರದೆಂದು ಅಂಗೈಯ ಹಿಂಬದಿಯಿಂದ ಬಾಗಿಲನ್ನು ಮುಟ್ಟಿದ. ತಣ್ಣಗಿನ ತಗಡು, ಅಷ್ಟೇ. ಆಮೇಲೆ ನೀತಾಳಿಗೆ ಹೇಳಿದ, ಈಗ ತೆಗೆಯಿರಿ, ಆದರೂ ಕಟ್ಟಿಗೆಯದೇನಾದರೂ ಹಿಡಿದು ತೆಗೆಯಿರಿ ಎಂದು. ಆಕೆ ಲಟ್ಟಣಿಗೆಯಿಂದ ಚಿಲಕ ಸರಿಸಿದಳು.

ಅವನು ನೆಟ್ಟಗೆ ಖರಾಡಿಗೆ ಫೋನು ಮಾಡಿ ರೋಹಿತನಿಗೆ ಎಲ್ಲವನ್ನೂ ಹೇಳಿದ. ರೋಹಿತ ಒಂದೇ ಮಾತು ಆಡಿದ.

"ಅವ್ವನ ಕೈ ಒಳಗಿನ ಚಿಲಕದ ಮ್ಯಾಲ ಇತ್ತು, ಚನ್ನಣ್ಣ. ನಾ ಯಾರಿಗೂ ಹೇಳಿದ್ದಿಲ್ಲ."

ಮುಂದೆ ಪೊಲೀಸರ ಬಳಿ ಹೋಗುತ್ತಾನೋ ಬಿಡುತ್ತಾನೋ, ಅದನ್ನು ರೋಹಿತನೇ ನಿರ್ಧರಿಸಬೇಕು. ಇನ್ನೂ ನಿರ್ಧರಿಸಿಲ್ಲ. ಕರೆದರೆ ಬರುತ್ತೇನೆ ಎಂದು ಚನ್ನವೀರ ಹೇಳಿದ್ದಾನೆ.

ಅಂದು ಬೆಳಗ್ಗೆ ಫೋನಿಟ್ಟ ಮೇಲೆ ಅವನು ನೀತಾಳನ್ನು ಕೇಳಿದ, ಬರುವಾಗ ಬಚ್ಚಲ ದೀಪ ಕಂಡಿರಬೇಕಲ್ಲ, ಒಳಗೆ ಯಾರಿದ್ದಾರೆ ಎಂದು ಅನಿಸಲಿಲ್ಲವೇ ಎಂದು. ಆಕೆ ಅವನ ಮುಖವನ್ನೇ ನೋಡಿದಳು. ಕೈಯಲ್ಲಿ ಮೊಬೈಲಿನ ಬೆಳಕು ಇನ್ನೂ ಹಾಗೇ ಇತ್ತು.

"ಯಾವ ದೀಪರಿ? ಮನ್ಯಾಗ ಕರೆಂಟಽ ಇಲ್ಲಲ್ಲ. ಮೀಟರ್ ಹಚ್ಚಲಿಕ್ಕೆ ಇವತ್ತ ಹತ್ತಕ್ಕ ಬರ್ತಾರ."

ಮನೆ ಖಾಲಿ ಎಂದು ರೋಹಿತ ಶ್ರಾವಣದಲ್ಲೇ ಮೀಟರ್ ತೆಗೆಸಿದ್ದ, ಬೀಗದ ಕೈ ಕೊಡುವಾಗ ಚನ್ನವೀರನಿಗೆ ಹೇಳಲು ಮರೆತಿದ್ದ. ಎಂಟು ಮನೆಗಳು ಕೂಡಿದ ಆ ವಾಡೆಯ ಎಲ್ಲ ಮೀಟರುಗಳೂ ಮುಂದಿನ ದೊಡ್ಡ ಬಾಗಿಲ ಪಕ್ಕದಲ್ಲಿವೆ, ಚನ್ನವೀರ ಹೋದದ್ದು ಹಿಂದಿನ ಓಣಿಯಿಂದ. ನೋಡಿರಲಿಲ್ಲ.

ನೀವು ನಂಬಲಿಕ್ಕಿಲ್ಲ. ಅದಕ್ಕೇ ನಾನು ಅವತ್ತೇ, ಎಂಟು ಗಂಟೆಗೆಲ್ಲ, ಮೀಟರಿನವರು ಬರುವ ಮೊದಲೇ ಹೋಗಿ ನಿಂತು ನೋಡಿದೆ. ಸಾಲಾಗಿ ಏಳು ಮೀಟರುಗಳು. ಎಂಟನೆಯ ಜಾಗದಲ್ಲಿ ಬರೀ ಹಲಗೆ, ನಾಲ್ಕು ಸ್ಕ್ರೂಗಳ ತೂತು... ಎರಡು ತಂತಿ ಹೊರಗೆ ಚಾಚಿದ್ದವು. ಒಂದೊಂದರ ತುದಿಗೂ ಕಪ್ಪು ಟೇಪು ಸುತ್ತಿತ್ತು. ಬೆರಳಿಟ್ಟು ನೋಡಿದೆ. ಟೇಪಿನ ಮೇಲೆ ದಪ್ಪಗೆ ಧೂಳು ಕೂತಿತ್ತು.