ದತ್ತು ಹೋಗೋ ನಾಗ್ಯಾನ ಹೆಬ್ಬೆಟ್ಟು

ಹಲೋ… ಹಲೋ, ಯಾರು ಮಾತಾಡೋದು? ಬಸವಕಲ್ಯಾಣ, ಮಹಾರುದ್ರಪ್ಪನವರ ಮನೆಯಾ?… ಹಾಂ, ನಾನು ಇನ್ಸ್‌ಪೆಕ್ಟರ್. ನಿಮ್ಮ ಮನೆಯನ್ನು ನಾಲ್ಕೂ ದಿಕ್ಕಿನಿಂದ ಸುತ್ತುವರಿದಿದ್ದೇವೆ. ಡಬ್ಬಿಯಲ್ಲಿರುವ ಶೇಂಗಾ ಹೋಳಿಗೆ ಸಮೇತ ಶರಣಾಗಿ…

…

ಅಯ್ಯ, ಗೊತ್ತಾಗೇಬಿಡ್ತಾ ಅತ್ತಿ? ನಾನೇ, ಬಸವಣಪ್ಪ. ಹುಮನಾಬಾದದಾಗ ರಜಾಕ್ ಚಾಚಾನ ಅಂಗಡಿಯಿಂದ ಟ್ರಂಕ್ ಕಾಲ್ ಹಚ್ಚೀನಿ. ಮಾವ ಇಲ್ಲೇನು?… ಚಿಟಗುಪ್ಪಕ್ಕ ಹೋಗ್ಯಾರಾ. ಛಲೋ ಆತು, ನಿನ್ನ ಕೂಡೇ ಮಾತಾಡೋದದ.

…

ಹಾಂ, ನಾಗನಾಥಂದೇ. ಮತ್ತ್ಯಾರದು? ಈ ಮನ್ಯಾಗ ಹೀರೋ ಅಂವಾ ಒಬ್ಬನೇ ಅಲ್ವಾ. ನಾನೂ ನಿನ್ನ ಅಣ್ಣನ ಮಗ, ಅಂವಾ ತಮ್ಮನ ಮಗ. ಆದ್ರ ದತ್ತು ತಗೋಬೇಕಂತ ನೀವು ಬಂದಾಗ ಮಾವ ಗಲ್ಲ ಹಿಂಡಿದ್ದು ಅಂವಂದೇ. ಹುಡುಗ ಮೈ ತುಂಬ್ಯಾನ, ಅಂಗಡಿ ಗಾದಿ ಮ್ಯಾಲ ಕುಂತ್ರ ಶೋಭಾ ಬರ್ತದ ಅಂದ್ರು. ನಾ ಚಾ ಕೊಟ್ಟು ಬಾಗಲ ಹಿಂದ ನಿಂತಿದ್ದೆ, ಸೈಡ್ ಆಕ್ಟರ್.

…

ಅಂವನ ಕಾಲಿನ ಹೆಬ್ಬೆಟ್ಟು ಬಾತದ. ಕೆಂಪಗ ಆಗ್ಯದ, ಚಾದರ ತಾಗಿದ್ರೂ ಒದರ್ತಾನ. ಬೀದರಕ್ಕ ಒಯ್ದು ರಕ್ತ ತೆಗಿಸಿದ್ರ ಯೂರಿಕ್ ಆಸಿಡ್ ಏರ್ಯದ ಅಂದ್ರು… ಅಲ್ಲಲ್ಲ, ಬಾಟ್ಲ್ಯಾಗಿನ ಸುಡೋ ಆಸಿಡ್ ಅಲ್ಲ. ಎಲ್ಲಾರ ರಕ್ತದಾಗೂ ಇರ್ತದಂತ, ಮೂತ್ರದಾಗ ಹೊರಗ ಹೋಗ್ಬೇಕು. ಇಂವಂದು ಹೋಗವಲ್ದು. ಉಪ್ಪಿನ ಹರಳಿನಂಗ ಕೀಲಿನಾಗ ಕುಂತದ.

…

ಯಾಕ ಬಂತು ಅಂತೀಯಾ… ಹ್ಯಾಂಗ ಹೇಳ್ಲಿ ಅತ್ತಿ. ಡಾಕ್ಟರ್ ಮೊದಲ ಕೇಳಿದ್ದೇ, ಹುಡುಗ ವಾರದಾಗ ಎಷ್ಟು ಸರ್ತಿ ಮಟನ್ ತಿಂತಾನ, ಕಲೇಜಿ, ಅಂದ್ರ ಕುರಿ ಲಿವರ್, ತಿಂತಾನೇನು ಅಂತ. ಕೊರಳಾಗ ಲಿಂಗ ಕಟ್ಟಿದ ಅಂವನಪ್ಪನ, ನಮ್ಮ ಕಾಕಾನ ಮುಂದ. ಕಾಕಾ ಚಪ್ಪಲಿ ಸೈತ ಅಲ್ಲೇ ಬಿಟ್ಟು ಎದ್ದು ಬಂದ. ತಿನ್ನದ ಇಂಥಾ ಜಡ್ಡು ಬರಂಗಿಲ್ಲ, ಬಾಜೂ ಮನಿ ಯುನೂಸನ ಕೂಡ ಕದ್ದು ತಿಂದಾನ ಅಂತ ಮನಿಯೆಲ್ಲಾ ತೀರ್ಮಾನ ಮಾಡ್ಯಾರ.

…

ನಾನಾ?… ನಾ ಏನನ್ಲಿ. ಇಂಥಾಂವನ್ನ ಉಡ್ಯಾಗ ಹಾಕ್ಕೊಂಡ್ರ ಕಲ್ಯಾಣದ ಮಂದಿ ಏನಂದಾರು, ನಿನ್ನ ಕಿವಿಗೆ ಹಾಕೋಣಂತ ಫೋನ್ ಮಾಡಿದೆ, ಅಷ್ಟೇ.

…

ಹಾಂ? ಏನಂದಿ?… ಇನ್ನೊಮ್ಮೆ ಹೇಳತ್ತಿ. ಹಂಗಿದ್ರ ನಿನ್ನೇ ತಗೋತೀವಿ ಅಂದ್ಯಾ? ನನ್ನಾ?… ತಡಿ, ತಡಿ, ಹಿಂದಿಂದ ಪಿಟೀಲು ಬಾರಸ್ಬೇಕು ಈಗ, ನಾ ಕೋಟ್ ಹಾಕ್ಕೊಂಡು ಮೆಟ್ಟಲಾ ಇಳೀಬೇಕು…

…

ಅಂವಾ? ಅಂವಾ ಈಗೇನು ತಿಂತಾನ ಅಂದ್ರ… ಏನೂ ಇಲ್ಲ. ಹೊಟ್ಟಿ ಶುದ್ಧ ಆಗ್ಲಿ ಅಂತ ಅಜ್ಜಿ ಹಾಲು-ಬೆಲ್ಲದ ಮ್ಯಾಲೇ ಇಟ್ಟಾಳ. ಘಾಟಬೋರಾಳದ ಗಾಣದಿಂದ ಹೊಸ ಬೆಲ್ಲ ತರಿಸ್ಯಾಳ. ಅಂವಾ ಕುಡದಷ್ಟೂ ಬಾವು ಏರಾಕತ್ತದ. ಬಾವು ಏರಿದ್ರ, ಪಾಪ ಇನ್ನೂ ಉಳದದ ಅಂತ ಮತ್ತೊಂದು ಚರಿಗಿ…

…

ನಗಾಕತ್ತಿಲ್ಲ ಅತ್ತಿ… ಇಲ್ಲ. ಮುಂಜಾನಿ ಕರದಿದ್ದ ನನ್ನ. “ಬಸ್ಯಾ, ನಾ ತಿಂದಿಲ್ಲಲೇ, ನೀಯಾದ್ರೂ ನಂಬು” ಅಂದ. ನಾ ಗ್ವಾಡಿ ನೋಡ್ಕೋತ ನಿಂತೆ.

…

ಹಲೋ? ಇದ್ದೀನಿ, ಇದ್ದೀನಿ… ಅತ್ತಿ, ಅಂವಾ ತಿಂದಿಲ್ಲ. ನನಗ ಗೊತ್ತದ. ಕಾಕಾ ಎದ್ದು ಹೋದ ಮ್ಯಾಲ ಅಂವನ ಚಪ್ಪಲಿ ತಗೋಳಾಕ ನಾ ನಿಂತಿದ್ದೆ, ಡಾಕ್ಟರ್ ಎಲ್ಲಾ ಹೇಳಿದ್ರು. ಮಟನ್ ಮುಟ್ಟದವ್ರಿಗೂ ಬರ್ತದಂತ. ಈ ವಯಸ್ಸಿನಾಗೇ ಇಷ್ಟು ಹೊಟ್ಟಿ ಬಂದು, ದಿನಾ ಬೆಲ್ಲ, ಕಬ್ಬಿನ ಹಾಲು, ಶರಬತ್ತು ಹೊಡದ್ರ ಏರ್ತದಂತ. ಹಿಂಗೇ ಬಿಟ್ರ ಬಿ.ಪಿ., ಸಕ್ರಿ ಜಡ್ಡು, ಕಿಡ್ನ್ಯಾಗ ಕಲ್ಲು. ನೀವು ಮೈ ತುಂಬ್ಯಾನ ಅಂತ ಕುಣದ್ರಲ್ಲ, ಆ ಮೈನೇ ಜಡ್ಡು.

…

ಹೌದು, ಬೆಲ್ಲ ಪೂರಾ ಬಂದ್. ಬರೇ ಹಾಲು ನಡೀತದ. ನೀರು ಭಾಳ ಕುಡಸ್ಬೇಕು, ಬಾವು ಇಳದ ಮ್ಯಾಲ ದಿನಾ ನಡಸ್ಬೇಕು.

…

ಯಾಕ ಹೇಳ್ಲಿಲ್ಲ ಅಂತ ಕೇಳಬ್ಯಾಡ ಅತ್ತಿ. ನಿನಗ ಗೊತ್ತಾಗ್ಯದ.

…

ನೀನೇ ಬರ್ತೀಯಾ? ಈಗಿನ ಬಸ್ಸಿಗೇ?… ಬಾ, ಬಾ. ಚೇಷ್ಟಿ ಮಾಡಾಂವ ಅಂತ ಅಜ್ಜಿ ನನ್ನ ಮಾತು ಖರೇ ಅನ್ನಂಗಿಲ್ಲ, ಮಗಳು ಹೇಳಿದ್ರ ಕೇಳ್ತಾಳ… ಕಲ್ಯಾಣಕ್ಕೇ ಕರ್ಕೊಂಡು ಹೋಗ್ತೀಯಾ? ನಿನ್ನ ಮನ್ಯಾಗಿಟ್ಟು… ಹಾಂ. ಅಂವನ್ನೇ. ಸರಿ.

…

ಅಳಾಕತ್ತಿಲ್ಲ. ಚಾಚಾ ಇಲ್ಲಿ ಮೆಣಸಿನಕಾಯಿ ಚೀಲ ಬಿಚ್ಯಾರ.

…

ಆಪರೇಟರ್ ಸಾಹೇಬ್ರ, ಒಂದೇ ಮಾತು ಉಳದದ, ಕಟ್ ಮಾಡಬ್ಯಾಡ್ರಿ. ಅತ್ತಿ, ಕೇಳಾಕತ್ತದೇನು? ಆಗ ನನ್ನ ತಗೋತೀವಿ ಅಂದಿ ಅಲ್ವಾ… ಅದು ಅಂವಾ ಕೆಟ್ಟಾಂವ ಅಂತ ತಿಳದಿದ್ದಕ್ಕ ಅಂದ್ಯಾ, ಇಲ್ಲಾ ಒಂದೀಟು ನಾನೂ ಬೇಕಂತ… ಅತ್ತಿ?… ಹಲೋ?… ಹಲೋ…