ಬಡಿಸೋರ ಊಟ

ಹಲೋ... ಹಲೋ, ಯಾರು ಮಾತಾಡ್ತಿರೋದು? ಕೇಳಿಸ್ತಿಲ್ಲ, ಸ್ವಲ್ಪ ತಡೀರಿ, ಧ್ವಜಕಂಬದ ಹತ್ರ ಹೋಗ್ತೀನಿ. ಸ್ಕೂಲಿನ ಅಡುಗೆಮನೇಲಿ ಟವರ್ ಸಿಗಲ್ಲ...

ಹಾಂ, ಈಗ ಹೇಳಿ, ಯಾರು?... ಭವ್ಯಾನಾ? ಇದ್ಯಾರ ನಂಬರು ಕಣೆ? ನಿನ್ನ ಫೋನಿಗೇನಾಯ್ತು?...

ಸರಿ ಬಿಡು. ಊಟ ಆಯ್ತಾ?... ಹೂಂ. ನಂದಿನ್ನೂ ಇಲ್ಲ. ಮಕ್ಕಳು ಈಗ ಉಂಡು ಎದ್ರು, ಪಾತ್ರೆ ರಾಶಿ ಬಿದ್ದಿದೆ. ಗುರುಸಿದ್ದಮ್ಮ ಬೇರೆ ಬಂದಿಲ್ಲ, ಕಾಲು ನೋವಂತೆ. ಇಡೀ ಸ್ಕೂಲಿನ ಸಾಂಬಾರು ಒಬ್ಳೇ ತಿರುವಿ ರಟ್ಟೆ ಬಿದ್ದೋಗಿದೆ. ಅದಿರ್ಲಿ, ಇಷ್ಟೊತ್ತಲ್ಲಿ ಯಾಕೆ ಮಾಡ್ದೆ? ಇವತ್ತು ವಿಮಾನ ಇಲ್ವಾ?...

ಏನಕ್ಕೆ ಸೇರ್ತೀಯ?... ಸಂಘಕ್ಕಾ? ಬೇಡ ಕಣೆ ಮಾರಾಯ್ತಿ. ಮಂಗಳವಾರ ಬಂದ್ರೆ ಸಂಘದೋರು ಸಾಲದ ಕಂತು ಕೇಳಕ್ಕೆ ಬರ್ತಾರೆ ಅಂತ ಇಲ್ಲಿ ಅರ್ಧ ಬೀದಿ ಬಾಗಿಲು ಹಾಕ್ಕೊಂಡು ಕೂರುತ್ತೆ. ವಿಮಾನದೊಳಕ್ಕೂ ಬಂದ್ರಾ ಅವರು?...

ಓ, ಯೂನಿಯನ್ನಾ. ಹಂಗೆ ಹೇಳ್ಬಾರ್ದಾ. ನಗ್ಬೇಡ, ನಮ್ಮ ಕಡೆ ಸಂಘ ಅಂದ್ರೆ ಅದೇ...

ವಿಮಾನದಲ್ಲಿ ಬಡಿಸೋ ಹುಡುಗೀರಿಗೂ ಯೂನಿಯನ್ ಇದ್ಯಾ?... ಹೊಸದಾಗಿ ಕಟ್ತಿದ್ದೀರಾ. ಹೂಂ...

ನನ್ನ ಕೇಳಿದ್ರೆ ಬೇಡ... ಯಾಕೆ ಅಂದ್ರೆ ಏನು ಹೇಳ್ಲಿ ಮಗ? ನಾವು ಬಿಸಿಯೂಟದೋರು ಕಟ್ಲಿಲ್ವಾ? ಸೋಮವಾರಪೇಟೇಲಿ ಬಸ್ ಹತ್ತಿ ಮಡಿಕೇರಿಗೆ ಹೋಗಿ, ಮಳೇಲಿ ಕೂತು ಕೂಗಿ ಬಂದ್ವಲ್ಲ, ಸಿಕ್ಕಿದ್ದು ನೆಗಡಿ. ಕೂಗಿ ಕೂಗಿ ಸಾಕಾಗಿದೆ ನನಗೆ. ನೀನಾದ್ರೂ ನೆಮ್ಮದಿಯಾಗಿರು ಅಂತ. ಬಿಸಿಯೂಟದ ಕಾಂತಮ್ಮನ ಮಗಳು ಆಕಾಶದಲ್ಲಿ ಕೆಲಸ ಮಾಡ್ತಾಳೆ ಅಂತ ಊರೋರು ಹೇಳ್ತಾರೆ. ಮುಂದಿನ ತಿಂಗಳು ಸೀನಿಯರ್ ಮಾಡ್ತಾರೆ ಅಂತ ನೀನೇ ಅಂದಿದ್ದೆ. ಈಗ ಹೋಗಿ ಹೆಸರು ಕೊಟ್ರೆ ಮಾಡ್ತಾರಾ? ಮೊದಲು ನಿನ್ನನ್ನೇ ಮನೆಗೆ ಕಳಿಸ್ತಾರೆ. ಅಲ್ವಾ? ಹೇಳು, ಅಲ್ವಾ?...

ಮತ್ತೆ? ಗೊತ್ತಿದ್ದೂ ಗೊತ್ತಿದ್ದೂ ಯಾಕೆ?...

ಯಾರಿಗೆ, ಬೋಜಮ್ಮಂಗಾ? ಆ ಹುದಿಕೇರಿ ಹುಡುಗಿ ಅಲ್ವಾ, ನಿನ್ನ ಜೊತೆ ಕೆಲಸ ಮಾಡೋಳು? ದೀಪಾವಳಿಗೆ ನಮ್ಮನೆಗೆ ಬಂದಿದ್ಲಲ್ಲ. ಏನಾಯ್ತು ಅವಳಿಗೆ?...

ಬಿದ್ಲಾ? ವಿಮಾನದೊಳಗೇ?... ಊಟದ ಗಾಡಿ ತಳ್ತಾ ಇದ್ದಂಗೇನಾ? ಅಯ್ಯೋ ಶಿವನೇ. ತಲೆಗೆ ಏಟಾಯ್ತಾ?... ಈಗ ಪರವಾಗಿಲ್ವಾ?...

ಮತ್ತೆ ಕೆಲಸಕ್ಕೆ ಬರ್ಬೇಡ ಅಂತ ಯಾಕೆ ಮನೇಲಿ ಕೂರಿಸಿದ್ರು? ತಲೆ ತಿರುಗಿ ಬಿದ್ದಿದ್ದು ತಪ್ಪಾ?... ಹಾಂ?... ತೆಳ್ಳಗಾಗಕ್ಕೆ ಅಂತ ಅವಳೇ ಊಟ ಬಿಟ್ಟಿದ್ಲಂತಾ? ಯಾರು, ಬೋಜಮ್ಮನಾ? ಅವತ್ತು ಅಕ್ಕಿರೊಟ್ಟಿ ತಟ್ಟಿ ತಟ್ಟಿ ನನ್ನ ಕೈ ಸೋತಿತ್ತು, ಅವಳ ಬಾಯಿ ಸೋತಿರ್ಲಿಲ್ಲ...

ಹಂಗಂತ ನೀನು ಹೇಳ್ಬೇಕು ಅಂತಾರಾ ಕಂಪನಿಯೋರು? ಯಾವಾಗ?... ನಾಳೆ ಎನ್‌ಕ್ವೈರೀಲಿ. ಪಕ್ಕದಲ್ಲಿದ್ದೋಳು ನೀನೇ ಅಂತ. ಹೇಳಿದ್ರೆ ಸೀನಿಯರ್ ಮಾಡ್ತಾರೆ, ಹೇಳ್ದಿದ್ರೆ?... ಹೂಂ. ಅರ್ಥ ಆಯ್ತು...

ಯೂನಿಯನ್‌ಗೆ ಸೇರಿದ್ರೆ ಅವರ ಕಡೆಯೋರು ಒಬ್ರು ನಿನ್ನ ಜೊತೆ ಬಂದು ಕೂರ್ತಾರೆ. ಇಲ್ದಿದ್ರೆ ನೀನೊಬ್ಳೇ ಹೋಗ್ಬೇಕು. ಅಷ್ಟೇ ತಾನೆ?...

ಭವ್ಯ, ಒಂದು ಮಾತು ಕೇಳ್ತೀನಿ. ಅವಳು ಅವತ್ತು ನಿಜವಾಗ್ಲೂ ಉಂಡಿರ್ಲಿಲ್ವಾ?... ಯಾಕೆ?... ಟೈಮ್ ಇಲ್ಲ ಅಂದ್ರೇನು? ಅಷ್ಟು ಜನಕ್ಕೆ ಬಡಿಸ್ತೀರ, ಊಟ ನಿಮ್ಮ ಕೈಯಲ್ಲೇ ಇರುತ್ತೆ... ಇಳಿದ ತಕ್ಷಣ ಇನ್ನೊಂದು ಹತ್ತಬೇಕಾ?... ಒಂದು ಗಳಿಗೆ ಕೂತ್ರೂ ಬೈತಾರಾ?...

ಇಲ್ಲಿ ನಮಗೆ ರೂಲ್ಸೇ ಇದೆ ಕಣವ್ವ. ಬೇಯಿಸಿದೋರು ಮೊದಲು ಬಾಯಿಗೆ ಹಾಕ್ಕೊಂಡು ನೋಡ್ಬೇಕು, ಮೇಷ್ಟ್ರೂ ನೋಡ್ಬೇಕು, ಆಮೇಲೇ ಮಕ್ಕಳ ತಟ್ಟೆಗೆ. ಈ ಹಂಚಿನ ಸ್ಕೂಲಲ್ಲೇ ಹಿಂಗೆ. ಬಡಿಸೋರು ಉಂಡ್ರಾ ಅಂತ ಕೇಳೋರು ಒಬ್ರೂ ಇಲ್ವಾ ಅಲ್ಲಿ?...

ತಡಿ ತಡಿ. ಅವಳಿಗೆ ಟೈಮ್ ಇಲ್ಲ ಅಂದ್ರೆ ನಿನಗೆಲ್ಲಿಂದ ಬಂತು ಟೈಮು?... ಫೋನ್ ಮಾಡ್ದಾಗೆಲ್ಲ ಊಟ ಆಯ್ತಾ ಅಂತೀನಿ. ಆಯ್ತಮ್ಮ ಅಂತೀಯ. ಆಯ್ತಮ್ಮ, ಆಯ್ತಮ್ಮ. ಅದೆಲ್ಲ ಏನು ಹಂಗಾದ್ರೆ?...

ನನ್ನ ಸಮಾಧಾನಕ್ಕೆ ಹೇಳ್ತಿದ್ದಾ?...

ಬಿಡು, ಗೊತ್ತಾಯ್ತು... ಇಲ್ಲ, ಬೈತಿಲ್ಲ. ಹೊಟ್ಟೆ ಉರೀತಿದೆ, ಅಷ್ಟೆ. ಊರ ಮಕ್ಕಳ ಹೊಟ್ಟೆ ನೋಡ್ಕೊಂಡು ನಾನಿಲ್ಲಿ ನಿಂತಿದ್ದೀನಿ. ನನ್ನ ಮಗಳು ಹಸ್ಕೊಂಡು ಅಲ್ಲಿ ನಗ್ತಾ ನಿಂತಿದ್ದಾಳೆ ಅಂತ ನನಗೇ ಗೊತ್ತಿಲ್ಲ...

ಅಲ್ಲಿ ಅಳ್ತಿರೋದು ಯಾರು?... ಬೋಜಮ್ಮ ಪಕ್ಕದಲ್ಲೇ ಇದ್ದಾಳಾ? ಇದು ಅವಳ ನಂಬರಾ? ಮೊದಲೇ ಹೇಳ್ಬಾರ್ದಾ...

ಕೇಳಿಲ್ಲಿ. ಕೂಗಿದ್ರೆ ಏನೂ ಸಿಗಲ್ಲ ಅಂದ್ನಲ್ಲ, ಈಗ್ಲೂ ಅದೇ ಅಂತೀನಿ. ಆದ್ರೆ ಗುರುಸಿದ್ದಮ್ಮ ಒಬ್ಳೇ ಆಫೀಸಿಗೆ ಹೋಗಿ ಗ್ಯಾಸ್ ಸೋರ್ತಿದೆ ಅಂದಾಗ ಸಾಹೇಬ್ರು ನಾಳೆಯಿಂದ ಬರ್ಬೇಡ ಅಂದಿದ್ರು. ಮಾರನೇ ದಿನ ಸುತ್ತಮುತ್ತ ಸ್ಕೂಲಿನ ಅಡುಗೆಯೋರೆಲ್ಲ ಹೋಗಿ ಬಾಗಿಲಲ್ಲಿ ನಿಂತ್ವಿ. ಬನ್ನಿ, ಕೂತ್ಕೊಳ್ಳಿ ಅಂದ್ರು. ಸಿಗೋದು ಅಷ್ಟೆ ಮಗ, ಕೂತ್ಕೊಳ್ಳಿ ಅಂತಾರೆ. ನಿಮಗೆ ಸದ್ಯಕ್ಕೆ ಅಷ್ಟಾದ್ರೂ ಬೇಕಲ್ವಾ?...

ಹೂಂ, ಸೇರು ಅಂತಾನೇ ಅಂದೆ. ಸೀನಿಯರ್ ಮಾಡ್ದಿದ್ರೆ ಬಿಡ್ಲಿ. ನಿಮ್ಮಪ್ಪನಿಗೆ ನಾನು ಹೇಳ್ಕೋತೀನಿ. ನಾಳೆ ಹೋಗಿ ಕಂಡಿದ್ದನ್ನ ಕಂಡಂಗೆ ಹೇಳು...

ಅದು ನಾಳೆ ಮಾತಾಯ್ತು. ಈಗ ನನ್ನಾಣೆ, ನಿಜ ಹೇಳು. ಊಟ ಆಯ್ತಾ?...

ಹಲೋ?... ಭವ್ಯ?... ಕೇಳಿಸ್ತಿದ್ಯಾ?... ಇಬ್ರೂ ಉಂಡ್ರೇನೆ?... ಹಲೋ...