ಅಕ್ಷಿತಾಳ ಹ್ಯಾಂಡಲ್

ಸಮ್ರಾಟ್ ಕಟ್ಟೆಯ ಮೇಲೆ ಕುಳಿತು, ಪಾತ್ರೆ ತಿಕ್ಕುವ ಹಸಿರು ಪೀಚಿನಿಂದ ತಂಗಿ ಅಕ್ಷಿತಾಳ ರೇಸ್ ಸೈಕಲ್ಲಿನ ಟೈಟಾನಿಯಂ ಹ್ಯಾಂಡಲ್ ಉಜ್ಜುತ್ತಿದ್ದ. ಪಕ್ಕದ ಮನೆಯ ಪೂಜಿತಾ ಸಮ್ರಾಟನ ಮನೆಯಂಗಳದ ನಲ್ಲಿಗೆ ಕೊಡ ಹಿಡಿದಿದ್ದಳು. ರಾಜ್ಯಮಟ್ಟದ ರೇಸಿಗೆ ತಯಾರಾಗುತ್ತಿದ್ದ ಅಕ್ಷಿತಾ ಹೋದ ತಿಂಗಳು ಬಾದನಹಟ್ಟಿ ರಸ್ತೆಯಲ್ಲಿ ಬಿದ್ದು ಎಡಗೆನ್ನೆ ಹರಿದುಕೊಂಡಿದ್ದು ಓಣಿಗೆಲ್ಲ ಗೊತ್ತಿತ್ತು.

"ಗೀರು ಹೋದವೇನಲೇ?" ತಾಯಿ ಹೊನ್ನೂರಮ್ಮ ಕೇಳಿದಳು.

"ಒಂದೇ ಕಡಿಗೆ ತಿಕ್ಕಿದ್ರ ಹೋಗತಾವ ಯವ್ವಾ. ಇದಕ್ಕ ಬಣ್ಣ ಇಲ್ಲಲ್ಲ. ಕೊಳ್ಳೋರಿಗೆ ಬಿದ್ದದ್ದು ಗೊತ್ತಾಗಂಗಿಲ್ಲ."

"ಹಂಗಾರ ಪೀಚು ಒಗೀಬ್ಯಾಡ. ನಾಳಿ ಸಿರುಗುಪ್ಪದೋರು ಹೆಣ್ಣು ನೋಡಾಕ ಬರ್ತಾರ. ಆಕಿ ಕೆನ್ನೀನೂ ಅಷ್ಟು ತಿಕ್ಕು."

"ಆಕೀದು ಟೈಟಾನಿಯಂ ಅಲ್ಲಬೇ! ಸೆರಗು ಎಳಕೊಂಡು ಬಲಮಗ್ಗಲು ತೋರಿಸಿ ಕುಂದರಾಕ ಹೇಳು."

ಇಬ್ಬರೂ ನಕ್ಕರು. ಬಾಗಿಲಲ್ಲಿ ನಿಂತಿದ್ದ ಅಕ್ಷಿತಾಳ ಕೈ ಕೆನ್ನೆಗೆ ಹೋಯಿತು. ಪೂಜಿತಾ ಕೊಡದೊಳಗೆ ನೋಡಿದಳು.

"ಸೈಕಲ್ ಹೋದ್ರ ರೇಸಿನ ಹುಚ್ಚೂ ಹೋಗತೈತಿ. ನಡಿ, ಮಾರಿ ಬರೂಣು," ಹೊನ್ನೂರಮ್ಮ ಮಗನಿಗೆ ಹೇಳಿದಳು.

ಸಮ್ರಾಟ್ ಹ್ಯಾಂಡಲ್ ಬಿಗಿದು ಸೈಕಲ್ ತಳ್ಳಿಕೊಂಡು ಹೊರಟ. ಹೊನ್ನೂರಮ್ಮ ಹಿಂದೆಯೇ ನಡೆದಳು. ಅಕ್ಷಿತಾ ಮೆಟ್ಟಿಲಿಳಿದು ಬಂದಳು.

"ಅಣ್ಣಾ, ಕೊಡೂಕಿಂತ ಮುಂಚಿ ಒಂದ್ಸಲ ಹತ್ತಲಾ?"

ತಾಯಿ, ಮಗ ತಿರುಗಿ ನೋಡದೆ ಓಣಿಯ ತಿರುವು ದಾಟಿದರು.